ಬೇಸಿಗೆಯಿಡೀ ದೋಣಿಯಲ್ಲೇ ಸಂಸಾರ: ಹಳೆಯ 33 ಅಡಿ ಹಾಯಿದೋಣಿಯ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ: 5ಕ್ಕೆ 4 ಸ್ಟಾರ್. ಕಡಿಮೆಯಾದ ಆ ಒಂದು ಸ್ಟಾರ್‌ಗೆ ಕಾರಣವನ್ನು ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ. ದೋಣಿ ಮಾರುವವರು ಅದರ ಬಗ್ಗೆ ಬಾಯಿ ಬಿಡುವುದಿಲ್ಲ.

1980ರ ದಶಕದ ಫೈಬರ್‌ಗ್ಲಾಸ್ ದೋಣಿ. ಉದ್ದ ಹತ್ತಿರ ಹತ್ತಿರ 10 ಮೀಟರ್. ಒಂದು ಮಾಸ್ಟ್ (ಹಾಯಿಕಂಬ), ಎರಡು ಹಾಯಿ, ಮೆಟ್ಟಿಲ ಹಿಂದೆ ಪುಟ್ಟ ಡೀಸೆಲ್ ಎಂಜಿನ್. ಕೊಂಡು ಕೆಲವು ವರ್ಷಗಳಾದವು. ಇಷ್ಟು ದಿನ ರಜೆ ಸಿಕ್ಕಾಗ ಬಂದು ಹೋಗುತ್ತಿದ್ದೆವು. ಈ ಬೇಸಿಗೆ ನಾನು, ನನ್ನ ಗಂಡ ಇಬ್ಬರೂ ಅದರಲ್ಲೇ ಉಳಿದೆವು. ಬೆಳಿಗ್ಗೆ ರಿಪೇರಿ, ಮಧ್ಯಾಹ್ನ ಬಿಸಿಲು, ಸಂಜೆ ಗಾಳಿ ಬಂದರೆ ಹಾಯಿ.

ಎಷ್ಟು ವೇಗ ಓಡುತ್ತದೆ, ಗಾಳಿಗೆ ಎದುರಾಗಿ ಎಷ್ಟು ಚೆನ್ನಾಗಿ ಹೋಗುತ್ತದೆ ಅಂತ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಚೆನ್ನಾಗಿಯೇ ಓಡುತ್ತದೆ. ಆದರೆ ಅದರಲ್ಲೇ ಇರಬೇಕು ಅಂದರೆ ಕೇಳಬೇಕಾದ ಪ್ರಶ್ನೆ ಬೇರೆ. ಕೆಟ್ಟುಹೋದ ಸಾಮಾನಿನ ತನಕ ಕೈ ಹೋಗುತ್ತದಾ? ನಾನು ಈ ದೋಣಿಗೆ ಅಂಕ ಕೊಟ್ಟಿರುವುದು ಬರೀ ಇದರ ಮೇಲೆ.

ಎಂಜಿನ್‌ನಿಂದ ಶುರು ಮಾಡೋಣ. ಸಮುದ್ರದ ನೀರನ್ನು ಎಳೆದು ಎಂಜಿನ್ ತಣ್ಣಗಿಡುವ ಪಂಪಿನಲ್ಲಿ ಇಂಪೆಲ್ಲರ್ ಅಂತ ಒಂದು ರಬ್ಬರ್ ಚಕ್ರ ಇರುತ್ತದೆ. ನೀರು ಬರದೆ ಸ್ವಲ್ಪ ಹೊತ್ತು ಓಡಿದರೂ ಸಾಕು, ಅದರ ಎಸಳುಗಳು ಬಿಸಿಗೆ ಹರಿದುಹೋಗುತ್ತವೆ. ನಮ್ಮ ದೋಣಿಯಲ್ಲಿ ಮೆಟ್ಟಿಲು ಎತ್ತಿಟ್ಟರೆ ಎಂಜಿನ್ನಿನ ಮುಖ ಪೂರ್ತಿ ಕಾಣುತ್ತದೆ. ಫಿಲ್ಟರ್, ಬೆಲ್ಟ್, ಆಯಿಲ್ ನೋಡುವ ಕಡ್ಡಿ, ಎಲ್ಲ ಎದುರಿಗೇ. ಅದಕ್ಕೆ ಪೂರ್ತಿ ಅಂಕ. ಆದರೆ ಈ ಪಂಪ್ ಮಾತ್ರ ಪಕ್ಕದಲ್ಲಿ, ಗೋಡೆಗೆ ಮುಖ ಮಾಡಿಕೊಂಡು ಕೂತಿದೆ. ನನ್ನ ಗಂಡನ ಕೈ ಅಲ್ಲಿ ತೂರುವುದಿಲ್ಲ, ನನ್ನದು ತೂರುತ್ತದೆ. ಹಾಗಾಗಿ ಆ ಕೆಲಸ ಶಾಶ್ವತವಾಗಿ ನನಗೆ ಬಂತು. ಮುಚ್ಚಳದ ಪುಟ್ಟ ಸ್ಕ್ರೂಗಳನ್ನು ಕಣ್ಣಿಗೆ ಕಾಣದೆ, ಬೆರಳಿನ ಅಂದಾಜಿನಲ್ಲೇ ಬಿಚ್ಚಬೇಕು. ಕೆಳಗೆ ಹಳೇ ಟವೆಲ್ ಹಾಸಿರಬೇಕು, ಇಲ್ಲದಿದ್ದರೆ ಬಿದ್ದ ಸ್ಕ್ರೂ ಸೀದಾ ಬಿಲ್ಜ್‌ಗೆ, ಅಂದರೆ ದೋಣಿಯ ತಳದ ಗುಂಡಿಗೆ.

ಹಳೆಯ ಇಂಪೆಲ್ಲರ್ ಹೊರಗೆ ಬಂದಾಗ ಎಸಳುಗಳೆಲ್ಲ ಒಂದೇ ಕಡೆಗೆ ಬಾಗಿ ಗಟ್ಟಿಯಾಗಿದ್ದವು. ಒಂದರ ತುದಿ ಇರಲೇ ಇಲ್ಲ. ಹೊಸದನ್ನು ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ. ಆ ಮುರಿದ ಚೂರು ಎಲ್ಲೋ ಮುಂದೆ ಹೋಗಿ ಕೂತಿರುತ್ತದೆ, ನೀರಿನ ದಾರಿ ಕಟ್ಟುತ್ತದೆ. ಹುಡುಕಿದರೆ, ಎಂಜಿನ್ನಿನ ಬಿಸಿಯನ್ನು ಸಮುದ್ರದ ನೀರಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರಿನ ಬಾಯಲ್ಲೇ ಸಿಕ್ಕಿತು. ಹೊಸದಕ್ಕೆ ಪಾತ್ರೆ ತೊಳೆಯುವ ಸೋಪಿನ ನೀರು ಸವರಿ, ತಿರುಗಿಸುತ್ತಾ ಒಳಗೆ ಒತ್ತಿದರೆ ಕೂರುತ್ತದೆ.

ನೀರಿನ ಮಟ್ಟದ ಕೆಳಗಿರುವ ತೂತುಗಳ ವಾಲ್ವ್‌ಗಳಿಗೆ ಸೀಕಾಕ್ ಅನ್ನುತ್ತಾರೆ. ಅವೂ ಕೈಗೆ ಸಿಗುತ್ತವೆ. ತಿಂಗಳಿಗೊಮ್ಮೆಯಾದರೂ ತೆರೆದು ಮುಚ್ಚಬೇಕು, ಇಲ್ಲವಾದರೆ ಬಿಗಿದುಕೊಂಡುಬಿಡುತ್ತವೆ. ಒಂದೊಂದರ ಪಕ್ಕದಲ್ಲೂ ಮೆದು ಮರದ ಬಿರಡೆ ಕಟ್ಟಿಟ್ಟಿದ್ದೇವೆ, ವಾಲ್ವ್ ಮುರಿದರೆ ಹೊಡೆದು ಕೂರಿಸಲು. ಹಳೇ ದೋಣಿ ಕೊಳ್ಳುವವರು ಇಲ್ಲಿ ಲೋಹದ ಬಣ್ಣ ನೋಡಿ. ಸ್ವಲ್ಪ ಕೆರೆದಾಗ ಗುಲಾಬಿ ಬಣ್ಣ ಕಂಡರೆ ಅದು ಹಿತ್ತಾಳೆ, ಒಳಗಿನ ಸತು ಉಪ್ಪುನೀರಿಗೆ ಕರಗಿ ಹೋಗಿದೆ, ತಟ್ಟಿದರೆ ಪುಡಿಯಾಗಬಹುದು. ಕಂಚು ಇದ್ದರೆ ಒಳ್ಳೆಯದು. ನಮ್ಮದು ಕಂಚು.

ಈಗ ಆ ಒಂದು ಸ್ಟಾರ್ ವಿಷಯ.

ಸಾಲುಸಾಲಾಗಿ ತಯಾರಾದ ಇಂಥ ಎಷ್ಟೋ ದೋಣಿಗಳ ಒಳಗೆ ಅಚ್ಚಿನಲ್ಲಿ ತಯಾರಿಸಿದ ಒಂದು ಲೈನರ್, ಅಂದರೆ ಫೈಬರ್‌ಗ್ಲಾಸಿನ ಒಳಹೊದಿಕೆ, ಕೂರಿಸಿರುತ್ತಾರೆ. ನೋಡಲು ಬಿಳಿ, ನುಣುಪು, ಒರೆಸಲು ಸುಲಭ. ಆದರೆ ಡೆಕ್ (ದೋಣಿಯ ಮೇಲಿನ ನೆಲ) ಮೇಲಿನ ಎಷ್ಟೋ ಬೋಲ್ಟುಗಳ ನಟ್‌ಗಳು ಅದರ ಹಿಂದೆ ಹೂತುಹೋಗಿರುತ್ತವೆ. ಡೆಕ್ಕಿನಲ್ಲಿ ಸೋರಿಕೆ ಶುರುವಾಗುವ ತನಕ ಇದು ಗೊತ್ತೇ ಆಗುವುದಿಲ್ಲ. ನಮಗೆ ಮಲಗುವ ಜಾಗದ ಮೇಲೆ ನೀರು ತೊಟ್ಟಿಕ್ಕತೊಡಗಿತು, ಸರಿಯಾಗಿ ದಿಂಬಿನ ಮೇಲೆ. ತೊಟ್ಟಿಕ್ಕುವ ಕಡೆಯೇ ತೂತು ಇರುತ್ತದೆ ಅಂದುಕೊಳ್ಳಬೇಡಿ. ನೀರು ಲೈನರ್ ಮೇಲೆ ಎಲ್ಲೆಲ್ಲೋ ಹರಿದು, ತನಗೆ ಇಷ್ಟ ಬಂದ ಕಡೆ ಇಳಿಯುತ್ತದೆ. ಕೊನೆಗೆ ನೋಡಿದರೆ ಅದು ಬರುತ್ತಿದ್ದದ್ದು ತುಂಬಾ ಮುಂದೆ, ಅಂಚಿನ ಕಟಕಟೆಯ ಒಂದು ಕಂಬದ ಬುಡದಿಂದ.

ಆ ಬುಡಕ್ಕೆ ನಾಲ್ಕು ಬೋಲ್ಟು. ಎರಡರ ನಟ್ ಕಪಾಟಿನೊಳಗಿಂದ ಸಿಕ್ಕಿತು. ಉಳಿದೆರಡು ಲೈನರ್ ಹಿಂದೆ. ಹೋಲ್-ಸಾ ಹಿಡಿದು ಲೈನರ್‌ಗೇ ತೂತು ಕೊರೆದೆವು, ಆಮೇಲೆ ಅದಕ್ಕೆ ತಿರುಗಿಸಿ ತೆಗೆಯುವ ಪ್ಲಾಸ್ಟಿಕ್ ಮುಚ್ಚಳ ಹಾಕಿದೆವು. ಡೆಕ್ ಅಂದರೆ ಎರಡು ಫೈಬರ್ ಪದರ, ನಡುವೆ ಬಾಲ್ಸಾ ಅನ್ನುವ ಹಗುರ ಮರ. ಬೋಲ್ಟಿನ ಸುತ್ತ ಆ ಮರ ಕಪ್ಪಗಾಗಿ, ಬೆರಳಲ್ಲಿ ಹಿಸುಕಿದರೆ ನೀರು ಬರುವ ಹಾಗಿತ್ತು. ತೂತು ದೊಡ್ಡದು ಮಾಡಿ, ಕೊಳೆತದ್ದನ್ನೆಲ್ಲ ಬಾಗಿಸಿದ ಮೊಳೆಯಲ್ಲಿ ಕೆರೆದು ತೆಗೆದು, ಒಣಗಲು ಬಿಟ್ಟು, ಪುಡಿ ಬೆರೆಸಿ ಮಂದ ಮಾಡಿದ ಎಪಾಕ್ಸಿ ಅಂಟು ತುಂಬಬೇಕು. ಅದು ಗಟ್ಟಿಯಾದ ಮೇಲೆ ಅದರ ನಡುವೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಆಗ ಮುಂದೆ ಸೋರಿದರೂ ನೀರು ಮರಕ್ಕೆ ಮುಟ್ಟುವುದಿಲ್ಲ. ತೂತಿನ ಬಾಯಿಯನ್ನು ಸ್ವಲ್ಪ ಅಗಲ ಮಾಡಿ ಬ್ಯೂಟೈಲ್ ಅನ್ನುವ ಅಂಟು ರಬ್ಬರಿನ ಟೇಪ್ ಸುತ್ತಿದ ಬೋಲ್ಟ್ ಇಳಿಸಿದೆವು. ಸಿಲಿಕೋನ್ ಬಳಿಯಬೇಡಿ ದಯವಿಟ್ಟು. ಒಮ್ಮೆ ಅದರ ಅಂಟು ತಾಗಿದ ಜಾಗದಲ್ಲಿ ಆಮೇಲೆ ಬೇರೇನೂ ಸರಿಯಾಗಿ ಹಿಡಿಯುವುದಿಲ್ಲ.

ಬಿಗಿಯುವಾಗ ಬೋಲ್ಟ್ ತಿರುಗಬಾರದು, ತಿರುಗಿದರೆ ಟೇಪಿನ ಹಿಡಿತ ಬಿಟ್ಟುಹೋಗಿ ನೀರು ಸೋರುತ್ತದೆ. ಮೇಲೊಬ್ಬರು ಸ್ಕ್ರೂಡ್ರೈವರ್ ಹಿಡಿದುಕೊಂಡಿರಬೇಕು, ಕೆಳಗೊಬ್ಬರು ನಟ್ ತಿರುಗಿಸಬೇಕು. ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.

"ರೀ, ತಿರುಗಿಸ್ತಾ ಇದೀರಾ?"

"ಇಲ್ಲ ಕಣೇ, ಸುಮ್ನೆ ಹಿಡ್ಕೊಂಡಿದೀನಿ."

"ಮತ್ತೆ ನಟ್ ಜೊತೆ ಬೋಲ್ಟೂ ಯಾಕೆ ತಿರುಗ್ತಿದೆ?"

ಸ್ವಲ್ಪ ಹೊತ್ತು ಮೌನ. "ಈಗ ನೋಡು."

ಟೇಪ್ ಒಂದೇ ಸಲ ಬಿಗಿದರೆ ಸಾಲದು. ಕೆಲವು ದಿನ ಬಿಟ್ಟು, ಬಿಸಿಲಿಗೆ ಅದು ಮೆತ್ತಗಾದಾಗ ಮತ್ತಷ್ಟು ಬಿಗಿಯಬೇಕು. ಹಾಗೆ ಮಾಡಿದ ಮೇಲೆ ದಿಂಬು ಒಣಗೇ ಇದೆ. ಉಳಿದ ಕಂಬಗಳದ್ದೂ ಇದೇ ಕತೆ, ಒಂದೊಂದಾಗಿ ಮಾಡುತ್ತಿದ್ದೇವೆ.

ಕರೆಂಟ್ ವಿಷಯ ಬೇಗ ಮುಗಿಸುತ್ತೇನೆ. 12 ವೋಲ್ಟ್ ಫ್ರಿಜ್ ಒಂದೇ ದಿನಕ್ಕೆ 40 ಆಂಪಿಯರ್-ಅವರ್‌ನಷ್ಟು ತಿನ್ನುತ್ತದೆ, ಸೆಖೆ ಜಾಸ್ತಿಯಾದರೆ ಇನ್ನೂ ಹೆಚ್ಚು. ಹಳೇ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಕಡಿಮೆಯಾಗುತ್ತದೆ. ಅದಕ್ಕೇ ಲಿಥಿಯಂ ಐರನ್ ಫಾಸ್ಫೇಟ್‌ಗೆ ಬದಲಾಯಿಸಿದೆವು, ಒಳ್ಳೆಯ ನಿರ್ಧಾರ. ಒಂದೇ ಎಚ್ಚರ: ಈ ಬ್ಯಾಟರಿ ಸಿಕ್ಕಷ್ಟು ಕರೆಂಟನ್ನು ಗಟಗಟ ಎಳೆದುಕೊಳ್ಳುತ್ತದೆ, ಎಂಜಿನ್ನಿಗೆ ಜೋಡಿಸಿದ, ಕರೆಂಟ್ ತಯಾರಿಸುವ ಸಣ್ಣ ಆಲ್ಟರ್ನೇಟರ್ ಕಾದು ಸುಟ್ಟುಹೋಗಬಹುದು. ನಡುವೆ ಕರೆಂಟಿಗೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಹಾಕಿದರೆ ಒಳ್ಳೆಯದು. ಸೋಲಾರ್ ಪ್ಯಾನೆಲ್ ಎಲ್ಲಿ ಹಾಕಿದರೂ ಹಾಯಿಯ ಅಡ್ಡಕಂಬದ ನೆರಳು ಬಿದ್ದೇ ಬೀಳುತ್ತದೆ. ಒಂದು ಪಟ್ಟಿ ನೆರಳು ಬಿದ್ದರೂ ಉತ್ಪಾದನೆ ಸಿಕ್ಕಾಪಟ್ಟೆ ಇಳಿಯುತ್ತದೆ. ಲಂಗರು ಹಾಕಿದ ಮೇಲೆ ಆ ಕಂಬವನ್ನು ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದಿಡುತ್ತೇವೆ, ಅಷ್ಟರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ.

ಸೆಖೆಯ ಬಗ್ಗೆ ಯಾರೂ ಹೇಳದ ಒಂದು ಮಾತಿದೆ. ಮರೀನಾದಲ್ಲಿ, ಅಂದರೆ ದೋಣಿಗಳ ನಿಲ್ದಾಣದಲ್ಲಿ, ಕಟ್ಟಿಹಾಕಿದ ದೋಣಿ ಗಾಳಿ ಎತ್ತ ಬೀಸಿದರೂ ಒಂದೇ ಕಡೆ ಮುಖ ಮಾಡಿರುತ್ತದೆ, ಒಳಗೆ ಬೇಯುತ್ತದೆ. ಲಂಗರು ಹಾಕಿದರೆ ಸಾಮಾನ್ಯವಾಗಿ ಮೂತಿ ತಾನಾಗಿ ಗಾಳಿಯತ್ತ ತಿರುಗುತ್ತದೆ. ಮುಂದಿನ ಕಿಂಡಿ ತೆರೆದರೆ ಹಿಂದಿನ ಬಾಗಿಲ ತನಕ ತಣ್ಣಗೆ ಗಾಳಿ. ಮರೀನಾದ ಕರೆಂಟ್ ಪ್ಲಗ್ ಬಿಟ್ಟು ಲಂಗರನ್ನೇ ಆರಿಸಿಕೊಳ್ಳಲು ನಮಗೆ ಇಷ್ಟೇ ಸಾಕಾಯಿತು. ಸರಪಳಿ ರಾತ್ರಿ ಕಟಕಟ ಅನ್ನುತ್ತದೆ, ಅದಕ್ಕೆ ಹಿಗ್ಗುವ ನೈಲಾನ್ ಹಗ್ಗವೊಂದನ್ನು ಕೊಕ್ಕೆ ಹಾಕಿ ಭಾರವನ್ನು ಅದರ ಮೇಲೆ ಬಿಟ್ಟರೆ ನಿದ್ದೆ ಬರುತ್ತದೆ. ಸರಪಳಿ ಎಷ್ಟು ಬಿಡಬೇಕು ಅನ್ನುವಾಗ ಆಳದ 5 ಪಟ್ಟು ಅಂತ ಲೆಕ್ಕ ಹಾಕುತ್ತೇವೆ. ಆಳ ಅಂದರೆ ನೀರು ಮಾತ್ರ ಅಲ್ಲ, ದೋಣಿ ಮೂತಿಯ ಎತ್ತರವನ್ನೂ ಏರುವ ಉಬ್ಬರವನ್ನೂ ಸೇರಿಸಬೇಕು.

ಟಾಯ್ಲೆಟ್: ಕೈಪಂಪಿನದು. ಮೂತ್ರ, ಉಪ್ಪುನೀರು ಸೇರಿ ಪೈಪಿನೊಳಗೆ ಸುಣ್ಣ ಕಟ್ಟುತ್ತದೆ. ವಿನೆಗರ್ ಹಾಕುತ್ತಿದ್ದರೆ ತಡವಾಗಿ ಕಟ್ಟುತ್ತದೆ, ಆದರೆ ಕಟ್ಟುತ್ತದೆ. ಇದಕ್ಕಿಂತ ಜಾಸ್ತಿ ಹೇಳಲು ಮನಸ್ಸಿಲ್ಲ.

ಹಾಯಿಯ ಹಗ್ಗ ಎಳೆದು ಬಿಗಿಯುವ ವಿಂಚ್‌ಗಳ ಬಗ್ಗೆ ಮಾತ್ರ ಖುಷಿಯಿಂದ ಬರೆಯಬಲ್ಲೆ. ಇಷ್ಟು ವರ್ಷವಾದರೂ ಗಟ್ಟಿಮುಟ್ಟು. ಬಿಚ್ಚಿ ತೊಳೆದು ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ರಟ್ಟಿನ ಡಬ್ಬಿಯ ತಳಕ್ಕೆ ವಿಂಚ್ ಗಾತ್ರದ ತೂತು ಮಾಡಿ, ಅದರ ಸುತ್ತ ಇಳಿಸಿಟ್ಟುಕೊಂಡು ಬಿಚ್ಚಿ. ಒಳಗಿನ ಕೂದಲೆಳೆಯಂಥ ಸ್ಪ್ರಿಂಗ್ ಚಿಮ್ಮಿದರೆ ಡಬ್ಬಿಯಲ್ಲಿ ಬೀಳುತ್ತದೆ, ಸಮುದ್ರಕ್ಕಲ್ಲ. ಗೇರುಗಳಿಗೆ ತೆಳ್ಳಗೆ ಗ್ರೀಸ್. ಹಿಂದಕ್ಕೆ ಜಾರದ ಹಾಗೆ ತಡೆಯುವ ಪುಟ್ಟ ಪಾಲ್‌ಗಳಿಗೆ ಎಣ್ಣೆ ಮಾತ್ರ. ಗ್ರೀಸ್ ಹಚ್ಚಿದರೆ ಅವು ಅಂಟಿಕೊಂಡು, ಭಾರ ಇದ್ದಾಗ ಹಿಡಿ ಹಿಂದಕ್ಕೆ ಗಿರ್ರನೆ ತಿರುಗಿ ಕೈ ಮುರಿಯಬಹುದು.

ಮಾಸ್ಟ್ ಹಿಡಿದಿರುವ ಉಕ್ಕಿನ ತಂತಿಗಳ ಮೇಲೆ ಆಗಾಗ ಟಿಶ್ಯೂ ಕಾಗದ ಸವರುತ್ತಾ ಬನ್ನಿ. ಒಂದೆಳೆ ಮುರಿದಿದ್ದರೂ ಕಾಗದ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬರಿಗೈ ಬೇಡ, ಸೀಳುತ್ತದೆ. ಈ ತಂತಿಗಳನ್ನು ಒಳಗೆ ಹಿಡಿದಿರುವ ಪಟ್ಟಿಗಳು ನಮ್ಮ ದೋಣಿಯಲ್ಲಿ ಕಪಾಟಿನ ಬಾಗಿಲು ತೆಗೆದರೆ ಕಾಣುತ್ತವೆ. ಲೈನರ್ ಕೂರಿಸಿದ ಪುಣ್ಯಾತ್ಮರು ಅಷ್ಟಾದರೂ ಬಿಟ್ಟಿದ್ದಾರೆ.

ತೆಗೆದುಕೊಳ್ಳಬಹುದಾ? ಇಬ್ಬರಿಗೂ ಸ್ಪ್ಯಾನರ್ ಹಿಡಿಯುವ ಮನಸ್ಸಿದ್ದರೆ ಧಾರಾಳವಾಗಿ. ಒಬ್ಬರಿಗೆ ಮಾತ್ರ ಇದ್ದರೆ ಇನ್ನೊಮ್ಮೆ ಯೋಚಿಸಿ, ಆ ಒಬ್ಬರಿಗೆ ಬೇಸಿಗೆಯಿಡೀ ಬಿಲ್ಜ್‌ನಲ್ಲೇ ಕಳೆಯುತ್ತದೆ. ನೋಡಲು ಹೋದಾಗ ಕುಶನ್ ಮೇಲೆ ಕೂತು ಮಾತಾಡುವುದನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಟಾರ್ಚ್ ಹಿಡಿದು ಪ್ರತಿ ಕಪಾಟಿನೊಳಗೂ ಕೈ ಹಾಕಿ, ಡೆಕ್ಕಿನ ನಟ್‌ಗಳು ಬೆರಳಿಗೆ ಸಿಗುತ್ತವಾ ನೋಡಿ. ಸಿಗದಿದ್ದಷ್ಟಕ್ಕೂ ಬೆಲೆ ಇಳಿಸಿ ಕೇಳಿ.