ಸ್ವಿಫ್ಟ್ ತಗ್ಗಿಸಲು ಮೂರು ದಾರಿ: ಕತ್ತರಿಸಿದ ಸ್ಪ್ರಿಂಗ್, ಲೋಯರಿಂಗ್ ಸ್ಪ್ರಿಂಗ್, ಕಾಯಿಲೋವರ್

ಎರಡನೇ ತಲೆಮಾರಿನ ಮಾರುತಿ ಸ್ವಿಫ್ಟ್‌ಗೆ ಕಂಪನಿ ಕೊಟ್ಟಿರುವ ಗ್ರೌಂಡ್ ಕ್ಲಿಯರೆನ್ಸ್ 170 ಮಿ.ಮೀ. ಟೈರಿಗೂ ಫೆಂಡರಿಗೂ ನಡುವೆ ಮುಷ್ಟಿ ಸಲೀಸಾಗಿ ತೂರುತ್ತದೆ. ಆ ಸಂದು ಕಣ್ಣಿಗೆ ಚುಚ್ಚುತ್ತದೆ ಅಂತಲೇ ಬಹಳ ಜನ ಕಾರು ತಗ್ಗಿಸುತ್ತಾರೆ. ನನಗೆ ನೋಟದ ಜೊತೆಗೆ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕಾರು ವಾಲುವುದೂ ಕಡಿಮೆಯಾಗಬೇಕಿತ್ತು. ಮೂರೂ ಬಗೆಯಲ್ಲಿ ತಗ್ಗಿಸಿದ ಸ್ವಿಫ್ಟ್ ಓಡಿಸಿದ್ದೇನೆ. ಸೆಕೆಂಡ್ ಹ್ಯಾಂಡ್ ಕೊಂಡ ನನ್ನ ಕಾರಿಗೆ ಹಿಂದಿನ ಮಾಲೀಕರು ಸ್ಪ್ರಿಂಗ್ ಕತ್ತರಿಸಿ ಹಾಕಿಸಿದ್ದರು. ಅದನ್ನು ತೆಗೆಸಿ ನಾನು ಲೋಯರಿಂಗ್ ಸ್ಪ್ರಿಂಗ್ ಹಾಕಿಸಿದೆ. ಕಾಯಿಲೋವರ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಟ್ಟಿಗೇ ಬರುವ, ಎತ್ತರ ಬದಲಿಸಬಹುದಾದ ಸೆಟ್) ಇದ್ದದ್ದು ಗೆಳೆಯನ ಕಾರಿನಲ್ಲಿ. ಅದು ವಾರಗಟ್ಟಲೆ ನನ್ನ ಕೈಯಲ್ಲಿತ್ತು.

ಕತ್ತರಿಸಿದ ಸ್ಪ್ರಿಂಗ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ: ಯಾರು ಎಷ್ಟೇ ಅಗ್ಗಕ್ಕೆ ಮಾಡಿಕೊಡುತ್ತೇನೆ ಅಂದರೂ ಬೇಡ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡುಸಾಗುತ್ತದೆ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದನ್ನು ತೆಗೆದರೆ ಗಡಸುತನ ಶೇ 20ರಷ್ಟು ಏರುತ್ತದೆ. ಇಷ್ಟೇ ಆಗಿದ್ದರೆ ಒಪ್ಪಬಹುದಿತ್ತು. ಆದರೆ ಸ್ಪ್ರಿಂಗಿನ ಉದ್ದವೂ ಕುಗ್ಗುವುದರಿಂದ ಚಕ್ರ ಪೂರ್ತಿ ಕೆಳಗಿಳಿದಾಗ ಅದು ಸಡಿಲವಾಗಿಬಿಡುತ್ತದೆ. ಸ್ವಿಫ್ಟ್‌ನ ಹಿಂಬದಿಯಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಬೇರೆ ಬೇರೆ. ಎರಡೂ ಹಿಂಚಕ್ರಗಳನ್ನು ಜೋಡಿಸುವ ತೊಲೆಯ (ಟಾರ್ಷನ್ ಬೀಮ್) ಮೇಲೆ ಸ್ಪ್ರಿಂಗ್ ಸುಮ್ಮನೆ ಕೂತಿರುತ್ತದೆ. ನನ್ನ ಕಾರನ್ನು ಜಾಕ್ ಮೇಲೆತ್ತಿದಾಗ ಆ ಸ್ಪ್ರಿಂಗ್ ಬೆರಳಲ್ಲೇ ತಿರುಗುತ್ತಿತ್ತು. ಕತ್ತರಿಸಿದ ತುದಿ ತುಕ್ಕು ಹಿಡಿದು, ಕೆಳಗಿನ ರಬ್ಬರ್ ಸೀಟಿನಲ್ಲಿ ಬೆರಳಿನ ಉಗುರು ಹೂತುಹೋಗುವಷ್ಟು ಗೀರು ಕೊರೆದಿತ್ತು. ಗ್ಯಾಸ್ ಕಟರಿನಿಂದ ಕತ್ತರಿಸಿದ್ದರಂತೂ ಶಾಖಕ್ಕೆ ಉಕ್ಕಿನ ಹದವೇ ಕೆಡುತ್ತದೆ. ಗುಂಡಿಗೆ ಬಿದ್ದರೆ ಬಂಪ್ ಸ್ಟಾಪಿಗೆ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್) ಬಡಿದ ಪೆಟ್ಟು ನೇರ ಸೊಂಟಕ್ಕೆ.

ಲೋಯರಿಂಗ್ ಸ್ಪ್ರಿಂಗ್ ಮೊದಲಿನಿಂದಲೇ ಕಡಿಮೆ ಎತ್ತರಕ್ಕೆ ಅಂತ ಸುತ್ತಿದ್ದು. ನಾನು ಆರಿಸಿದ್ದು 30 ಮಿ.ಮೀ. ತಗ್ಗಿಸುವ ಪ್ರೊಗ್ರೆಸಿವ್ ಸ್ಪ್ರಿಂಗ್, ಅಂದರೆ ಒತ್ತಿದಷ್ಟೂ ಗಡುಸಾಗುವಂಥದ್ದು. ಒಂದು ತುದಿಯಲ್ಲಿ ಸುತ್ತುಗಳು ಒತ್ತೊತ್ತಾಗಿ, ಇನ್ನೊಂದು ತುದಿಯಲ್ಲಿ ದೂರದೂರ. ಚಕ್ರ ಪೂರ್ತಿ ಇಳಿದರೂ ಸ್ಪ್ರಿಂಗ್ ಸೀಟಿನಿಂದ ಕದಲುವುದಿಲ್ಲ. ಜೊತೆಗೆ ಹೊಸ ಶಾಕ್ಸ್ ಹಾಕಿಸಿದ್ದು ಒಳ್ಳೆಯದಾಯಿತು. ಗಡುಸಾದ ಸ್ಪ್ರಿಂಗನ್ನು ಹಳೇ ಶಾಕ್ಸ್ ಹಿಡಿದು ನಿಲ್ಲಿಸಲಾರವು, ಹಂಪ್ ದಾಟಿದ ಮೇಲೂ ಮೂತಿ ಕುಣಿಯುತ್ತಲೇ ಇರುತ್ತದೆ.

30ಕ್ಕೇ ಯಾಕೆ ನಿಲ್ಲಿಸಿದೆ ಎಂದು ಕೇಳುವವರಿದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾನದಂಡದ ಪ್ರಕಾರ ಹಂಪ್ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಹಾಗೆ ಕಟ್ಟಿದ ಹಂಪ್‌ಗೆ 140 ಮಿ.ಮೀ. ಧಾರಾಳ. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪ್‌ಗಳಿಗೆ ಅಳತೆಯೇ ಇಲ್ಲ, ಅಲ್ಲಿ ಓರೆಯಾಗಿ ಹತ್ತಿಸಬೇಕು. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಮುಂದಿನ ಮ್ಯಾಕ್‌ಫರ್ಸನ್ ಸಸ್ಪೆನ್ಷನ್‌ನಲ್ಲಿ ಕಾರು ತಗ್ಗಿದಂತೆ, ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋಯರ್ ಆರ್ಮ್‌ನ ಹೊರತುದಿ ಮೇಲಕ್ಕೇಳುತ್ತದೆ. ಆಗ ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು), ಕಾರಿನ ಗುರುತ್ವ ಕೇಂದ್ರಕ್ಕಿಂತ ಜಾಸ್ತಿ ಕೆಳಗಿಳಿದು ಎರಡರ ನಡುವಿನ ಅಂತರ ಹೆಚ್ಚುತ್ತದೆ. ತೀರಾ ತಗ್ಗಿಸಿದರೆ ಕಾರು ವಾಲುವ ಒಲವೇ ಹೆಚ್ಚುತ್ತದೆ. 30 ಮಿ.ಮೀ. ಇಳಿಸಿದ ನನ್ನ ಕಾರು ಘಾಟಿಯಲ್ಲಿ ಗೆಳೆಯನ 50 ಮಿ.ಮೀ. ಇಳಿಸಿದ ಕಾರಿಗಿಂತ ನಂಬಿಕೆಯಿಂದ ತಿರುಗುತ್ತಿತ್ತು.

ಅವನ ಕಾಯಿಲೋವರ್ ಕೆಟ್ಟದ್ದೇನಲ್ಲ. ಸ್ಕ್ರೂವಿನಂಥ ಥ್ರೆಡ್ ಮೇಲೆ ಕೀಲಿಯಿಂದ ತಿರುಗಿಸಿ ಎತ್ತರ ಏರಿಸಬಹುದು, ಇಳಿಸಬಹುದು. ಡ್ಯಾಂಪಿಂಗ್ (ಸ್ಪ್ರಿಂಗಿನ ಕುಣಿತವನ್ನು ಶಾಕ್ಸ್ ತಡೆಯುವ ಬಿಗಿ) ಬದಲಿಸಲು ಮೇಲೊಂದು ಗುಬುಟು. ನುಣುಪು ಹೆದ್ದಾರಿಯಲ್ಲಿ ಅದರ ಬಿಗಿ ಚೆಂದ. ಆದರೆ ಮಲೆನಾಡಿನ ಒಂದು ಮಳೆಗಾಲ ಕಳೆದರೆ ಕೆಸರು ತುಂಬಿ ಥ್ರೆಡ್ ಬಿಗಿದುಕೊಳ್ಳುತ್ತದೆ, ತೊಳೆದು ಗ್ರೀಸ್ ಹಚ್ಚುತ್ತಲೇ ಇರಬೇಕು. ಖರ್ಚೂ ಹಲವು ಪಟ್ಟು. ಎತ್ತರ ಬದಲಿಸಿದಾಗೆಲ್ಲ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಹೊಸದಾಗಿ ಮಾಡಿಸಬೇಕು. ಆ ಕಾರಣಕ್ಕೇ ಅವನು ಒಮ್ಮೆ ಇಟ್ಟ ಎತ್ತರವನ್ನು ಮತ್ತೆ ಮುಟ್ಟಿಲ್ಲ.

ನನ್ನ ಆಯ್ಕೆ ಲೋಯರಿಂಗ್ ಸ್ಪ್ರಿಂಗ್. ಅದು ಚೆನ್ನಾಗಿ ಬಾಳುವುದು ಮಾತ್ರ ಜೋಡಿಸುವ ಕೈ ಮತ್ತು ಆಮೇಲಿನ ಅಲೈನ್‌ಮೆಂಟ್ ಮೇಲೆ ನಿಂತಿದೆ.

ಜೋಡಿಸುವಾಗ ಲೋಯರ್ ಆರ್ಮ್ ಬುಷ್ ಬೋಲ್ಟನ್ನು ಚಕ್ರ ನೇತಾಡುವಾಗಲೇ ಬಿಗಿ ಮಾಡಿದರೆ, ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಬೋಲ್ಟ್ ಸಡಿಲ ಬಿಟ್ಟು, ಚಕ್ರದ ಮೇಲೆ ಪೂರ್ತಿ ಭಾರ ಬಿದ್ದ ಮೇಲೆ ಟಾರ್ಕ್ ರೆಂಚಿನಿಂದ ಬಿಗಿ ಮಾಡಬೇಕು. ಮೆಕ್ಯಾನಿಕ್ ಬಳಿ ನಿಂತು ಇದೊಂದನ್ನು ಕೇಳಿ ಮಾಡಿಸಿ.

ಅಲೈನ್‌ಮೆಂಟನ್ನೂ ಮೂರು ಬಗೆಯಲ್ಲಿ ನೋಡಿದೆ. ಕಾರಿನ ಎರಡೂ ಬದಿಗೆ ದಾರ ಕಟ್ಟಿ ಸ್ಟೀಲ್ ಸ್ಕೇಲಿನಲ್ಲಿ ರಿಮ್ ಅಳೆಯುವುದು ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ನೋಡಲು ಸಾಕು, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಗೊತ್ತಾಗುವುದಿಲ್ಲ. ರಸ್ತೆ ಬದಿಯ ಅಂಗಡಿಯೊಂದರಲ್ಲಿ ಮುಂದಿನ ಎರಡು ಚಕ್ರಕ್ಕೆ ಮಾತ್ರ ಅಳೆಯುವ ಹೆಡ್ ಸಿಕ್ಕಿಸಿ, ಟೋ ಸರಿ ಮಾಡಿ ಕಳಿಸಿದರು. ಸ್ಟಿಯರಿಂಗ್ ಎಡಕ್ಕೆ ಓರೆಯಾಗೇ ಉಳಿಯಿತು. ತ್ರೀಡಿ ಮೆಷಿನ್ ಇದ್ದ ಕಡೆ ನಾಲ್ಕೂ ಚಕ್ರಕ್ಕೆ ಟಾರ್ಗೆಟ್ (ಮೆಷಿನ್‌ನ ಕ್ಯಾಮೆರಾ ನೋಡುವ ಫಲಕ) ಹಾಕಿ, ಕಾರನ್ನು ಹಿಂದಕ್ಕೂ ಮುಂದಕ್ಕೂ ಉರುಳಿಸಿ, ರಿಮ್ಮಿನ ಓರೆಯನ್ನು ಲೆಕ್ಕದಿಂದ ಕಳೆದರು. ಹಿಂದಿನ ಟಾರ್ಷನ್ ಬೀಮ್‌ನಲ್ಲಿ ತಿರುಗಿಸಲು ಏನೂ ಇಲ್ಲ. ಆದರೂ ಅದು ಯಾವ ದಿಕ್ಕಿಗೆ ತಳ್ಳುತ್ತಿದೆ ಎಂದು ನೋಡಿ ಮುಂದಿನ ಚಕ್ರ ಹೊಂದಿಸಿದಾಗಲೇ ಸ್ಟಿಯರಿಂಗ್ ನೆಟ್ಟಗೆ ಬಂದದ್ದು.

ಮೆಷಿನ್‌ಗಿಂತ ಅದನ್ನು ನಡೆಸುವವರು ಮುಖ್ಯ. ಕಾರು ತಗ್ಗಿದಾಗ, ಸ್ಟಿಯರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್‌ನ ಕೋನ ಬದಲಾಗಿ ಟೋ ಸರಿಯುತ್ತದೆ, ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ನೆಗೆಟಿವ್ ಕಡೆಗೆ, ಅಂದರೆ ಚಕ್ರದ ಮೇಲ್ತುದಿ ಒಳಕ್ಕೆ ಹೋಗುತ್ತದೆ. ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಅಲುಗುವುದರಿಂದ ಕ್ಯಾಂಬರ್ ಮೊದಲು, ಟೋ ಕೊನೆಗೆ. ಸ್ವಿಫ್ಟ್‌ನಲ್ಲಿ ಸ್ಟ್ರಟ್ (ಮುಂದಿನ ಶಾಕ್ ಅಬ್ಸಾರ್ಬರ್ ಜೋಡಣೆ) ಎರಡು ಬೋಲ್ಟಿನಿಂದ ಚಕ್ರ ಹಿಡಿದಿರುವ ನಕಲ್‌ಗೆ ಕೂರುವುದರಿಂದ ಮೇಲಿನ ಬೋಲ್ಟ್ ಜಾಗಕ್ಕೆ ಕ್ಯಾಂಬರ್ ಬೋಲ್ಟ್ (ಕೋನ ಹೊಂದಿಸಲು ಬರುವ ಬೋಲ್ಟ್) ಹಾಕಿ ಎಡಬಲ ಸಮ ಮಾಡಬಹುದು. ನೆಗೆಟಿವ್ ಕ್ಯಾಂಬರ್ ಟೈರ್ ತಿನ್ನುತ್ತದೆ ಅಂತ ಎಲ್ಲರೂ ದೂರುತ್ತಾರೆ. ಅದಕ್ಕಿಂತ ಬೇಗ ತಿನ್ನುವುದು ಟೋ. ಚಕ್ರ 0.1 ಡಿಗ್ರಿ ತಪ್ಪಿದ್ದರೆ ಟೈರಿನ ಮುಂಭಾಗಕ್ಕೂ ಹಿಂಭಾಗಕ್ಕೂ ವ್ಯತ್ಯಾಸ ಬರೀ ಒಂದು ಮಿ.ಮೀ. ಆಸುಪಾಸು, ಆದರೆ ಪ್ರತಿ ಕಿಲೋಮೀಟರಿಗೆ ಆ ಟೈರ್ ಸುಮಾರು 1.75 ಮೀಟರ್ ಅಡ್ಡಕ್ಕೆ ಉಜ್ಜಿದ ಲೆಕ್ಕ.

ಹೊಸ ಸ್ಪ್ರಿಂಗ್ ಕೆಲವು ನೂರು ಕಿ.ಮೀ. ಓಡುವವರೆಗೆ ಇನ್ನಷ್ಟು ಕೂರುತ್ತದೆ. ಹಾಕಿಸಿದ ದಿನ ಟೋ ಒಂದನ್ನು ಸರಿಪಡಿಸಿಕೊಂಡು, 500 ಕಿ.ಮೀ. ಆಸುಪಾಸಿನಲ್ಲಿ ಪೂರ್ತಿ ಅಲೈನ್‌ಮೆಂಟ್ ಮಾಡಿಸಿ. ಅದೇ ದಿನ ಹೆಡ್‌ಲೈಟ್ ಮಟ್ಟವನ್ನೂ ನೋಡಿಸಿಕೊಳ್ಳಿ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕುರಿತ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದಿದೆ. ಕೈ ಹಾಕುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮಾ ಕಂಪನಿಯಲ್ಲೂ ಕೇಳಿ. ಮೂಲ ಸ್ಪ್ರಿಂಗುಗಳನ್ನು ಗುಜರಿಗೆ ಹಾಕಬೇಡಿ.

ಆಮೇಲೆ ತಿಂಗಳಿಗೊಮ್ಮೆ ಮುಂದಿನ ಟೈರ್ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದರಲ್ಲಿ ಗರಗಸದಂತೆ ತಾಗಿದರೆ ಟೋ ಸರಿದಿದೆ. ಟೈರ್ ಸವೆತ ಕಣ್ಣಿಗೆ ಕಾಣುವವರೆಗೆ ಕಾಯದೆ ಕಾರನ್ನು ಮತ್ತೆ ಮೆಷಿನ್‌ಗೆ ಹತ್ತಿಸಿ.