ಆಗುಂಬೆ ನೈಟ್ ವಾಕ್ ಪ್ಯಾಕೇಜಿಗೆ ದುಡ್ಡು ಹಾಕೋ ಮುಂಚೆ ಇದನ್ನ ಓದಿ

ದಯವಿಟ್ಟು ಪೂರ್ತಿ ಓದಿ. ಜುಲೈನಲ್ಲಿ ನಾನು, ನಮ್ಮೆಜಮಾನ್ರು, ಹತ್ತು ವರ್ಷದ ಮಗಳು ಆಗುಂಬೆಗೆ ಹೋಗಿದ್ವಿ. ತಲೆಗೆ 6,500 ರೂಪಾಯಿ. ಎರಡು ದಿನ ಮಳೆಕಾಡು, ರಾತ್ರಿ ನಡಿಗೆ, ಊರವರ ಮನೇಲೇ ಊಟ, ವಾಸ. "ನಿಮ್ಮ ದುಡ್ಡು ಸೀದಾ ಊರವರಿಗೇ ಹೋಗುತ್ತೆ ಮೇಡಂ" ಅಂದಿದ್ದ ಪ್ಯಾಕೇಜ್ ನಡೆಸೋನು. ಆ ಮಾತಿಗೇ ಮರುಳಾಗಿ ಅಷ್ಟೂ ದುಡ್ಡು ಮುಂಚೇನೇ ಹಾಕಿಬಿಟ್ಟೆ.

ಮೊದಲ ರಾತ್ರಿ ಹತ್ತು ನಿಮಿಷ ನಡೆದಿಲ್ಲ, ಟಾರ್ಚ್ ಬೆಳಕಲ್ಲಿ ಗುಳಿಮಂಡಲ! ಮಲಬಾರ್ ಪಿಟ್ ವೈಪರ್ ಅನ್ನೋ ಹಾವು. ಸೊಂಟದೆತ್ತರದ ಕೊಂಬೆ, ಹಸಿರು ಮೈ, ಬಾಲದ ಹತ್ತಿರ ಒಂದು ಹಳೇ ಗಾಯ. ಎಂಟು ಜನ ಸುತ್ತುವರಿದು ಫ್ಲ್ಯಾಶ್ ಹೊಡೆದ್ವಿ. ನಾನೂ ಹೊಡೆದೆ. ನೆನೆಸಿಕೊಂಡ್ರೆ ಮೈ ಉರಿಯುತ್ತೆ.

ಬೆಳಿಗ್ಗೆ ಕಡುಬು ಬಡಿಸ್ತಿದ್ದ ಆ ಮನೆಯ ಅಮ್ಮ ಮಗಳ ಕೈಲಿದ್ದ ಫೋಟೊ ನೋಡಿ, "ಇದು ಮೊನ್ನೆ ಬಂದೋರಿಗೆ ತೋರ್ಸಿದ್ದೇ ಹಾವಲ್ವಾ ಮಾರಾಯ್ತಿ? ಬಾಲ ನೋಡು. ನಮ್ಮ ಕೊಟ್ಟಿಗೇಲೇ ಕಟ್ಟಿ ಇಟ್ಟಿರ್ತಾರೆ" ಅಂದ್ರು. ಹೋಗಿ ನೋಡಿದೆ. ಹುಲ್ಲಿನ ಪಕ್ಕ ಮೊಳೆಗೆ ನೇತುಹಾಕಿದ ದಿಂಬಿನ ಕವರ್, ಬಾಯಿಗೆ ಗಂಟು. ಒಳಗೆ ಏನೋ ಮೆಲ್ಲಗೆ ಹೊರಳಿತು. ನನ್ನ ಕೈಕಾಲು ತಣ್ಣಗಾಯ್ತು. ಆ ಅಮ್ಮನಿಗೆ ಸಿಗೋದೆಷ್ಟು ಅಂತ ಕೇಳಿದೆ. ತಲೆಗೆ 350. ಮೂರು ಹೊತ್ತಿನ ಅಡುಗೆಗೆ, ಹಾಸಿಗೆಗೆ, ಎಲ್ಲಾ ಸೇರಿ 350!

ಅವನನ್ನ ಕೇಳಿದ್ರೆ "ಅದು ರೆಸ್ಕ್ಯೂ ಮಾಡಿದ ಹಾವು ಮೇಡಂ" ಅಂದ. ಎಲ್ಲಿಂದ ಅಂದ್ರೆ ಉತ್ತರ ಇಲ್ಲ. ಆಮೇಲೆ, "ಅಷ್ಟು ದೂರದಿಂದ ಬರ್ತೀರ, ಬರಿಗೈಲಿ ಕಳಿಸೋಕಾಗುತ್ತಾ?" ಮಳೆಗಾಲದಲ್ಲಿ ಬೇಟೆ ಕಾಯ್ತಾ ಒಂದೇ ಕೊಂಬೆ ಮೇಲೆ ದಿನಗಟ್ಟಲೆ ಕೂರೋ ಹಾವು ಅದು. ಸ್ವಲ್ಪ ತಾಳ್ಮೆ ಇದ್ರೆ ಕಾಡಲ್ಲೇ ನೋಡಬಹುದು. ಅದನ್ನ ಚೀಲಕ್ಕೆ ತುಂಬ್ತಾರೆ! ಅನುಮತಿ ಇಲ್ಲದೆ ಹಿಡಿದಿಡೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ದುಡ್ಡು ವಾಪಸ್ ಕೇಳಿದ್ದಕ್ಕೆ "ಹಾವು ನೋಡಿದ್ರಲ್ಲ, ಇನ್ನೇನು?" ಅಂತ ಒಂದು ಮೆಸೇಜು. ಹಾವು ನೋಡಿದ್ರಲ್ಲ ಅಂತೆ! ಮರುಕ್ಷಣ ನಂಬರ್ ಬ್ಲಾಕ್.

ಪೂರ್ತಿ ದುಡ್ಡು ಮುಂಗಡ ಹಾಕಬೇಡಿ. ಉಳಿಯೋ ಮನೆಯವರ ನಂಬರ್ ಇಸ್ಕೊಂಡು ಅವರ ಹತ್ರಾನೇ ಮಾತಾಡಿ. ರಾತ್ರಿ ನಡಿಗೆಗೆ ಅರಣ್ಯ ಇಲಾಖೆ ಪರ್ಮಿಷನ್ ಇದೆ ಅಂದ್ರೆ ಕಾಗದ ತೋರಿಸಿ ಅನ್ನಿ, ನಾನು ಕೇಳಲಿಲ್ಲ. ಚೀಲ, ಡಬ್ಬಿ ಏನಾದ್ರೂ ಕಂಡ್ರೆ ಅಲ್ಲಿಂದಲೇ ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಫೋನ್ ಮಾಡಿ. ನಾನು ಮಾಡಿದ್ದು ಬೆಂಗಳೂರಿಗೆ ಬಂದ ಮೇಲೆ. ಅಷ್ಟು ಹೊತ್ತಿಗೆ ಕೊಟ್ಟಿಗೇಲಿ ಚೀಲ ಇರಲಿಲ್ಲವಂತೆ.