ಹತ್ತಕ್ಕೆ ಎಂಟು, ಸರಿ. ಆದರೆ ಎಲ್ಲಿ ಅಳೆದದ್ದು? ವಿಮರ್ಶೆ ಸೈಟುಗಳ ಅಂಕ, ನಾಲ್ಕು ಮಳೆಗಾಲದ ಬಳಕೆಯ ನಂತರ

ಫೋನ್, ಲ್ಯಾಪ್‌ಟಾಪ್, ಗೇಮ್ ಯಾವುದೇ ಇರಲಿ, ವಿಮರ್ಶೆ ಸೈಟುಗಳ ಅಂಕ ನೋಡಿ ಕೊಳ್ಳುವುದು ಈಗ ರೂಢಿ. ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಗಳಲ್ಲಿ ಆ ಅಂಕ ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದರ ಬಗ್ಗೆ ಈ ವಿಮರ್ಶೆ. ಒಟ್ಟು ಅಂಕ ನಂಬಿ ದುಡ್ಡು ಕೊಡಬೇಡಿ. ಒಳಗಿನ ಬಿಡಿ ಅಂಕಗಳನ್ನು ಮಾತ್ರ ತಾಳ್ಮೆಯಿಂದ ಓದಿ, ಅವು ನಿಜಕ್ಕೂ ಬೆಲೆಬಾಳುತ್ತವೆ.

ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು ಎಂಬ ದರ್ಜೆಗಳು, ಒಂದೊಂದಕ್ಕೂ ಬೇರೆ ದರ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದು ಸರಾಸರಿ ದರ ಹೇಳಿದರೆ ಕೊಳ್ಳುವವನಿಗೂ ಮಾರುವವನಿಗೂ ಏನೂ ತಿಳಿಯುವುದಿಲ್ಲ. ಒಟ್ಟು ಅಂಕದಲ್ಲಿ ಆಗುವುದು ಇದೇ. ಒಂದು ಲೆಕ್ಕ ಹಾಕಿ ನೋಡೋಣ. ತೆಳ್ಳಗಿನ ಒಂದು ಲ್ಯಾಪ್‌ಟಾಪಿಗೆ ಸ್ಕ್ರೀನ್ 9, ವೇಗ 9, ವಿನ್ಯಾಸ 9, ಬ್ಯಾಟರಿ 5, ದುರಸ್ತಿ 3 ಬಂದಿದೆ ಎನ್ನಿ. ಸೈಟು ಈ ಐದಕ್ಕೆ ಕ್ರಮವಾಗಿ ಶೇ. 25, 30, 25, 10, 10 ತೂಕ (ಅಂದರೆ ಒಟ್ಟು ಅಂಕದಲ್ಲಿ ಪಾಲು) ಕೊಟ್ಟರೆ ಒಟ್ಟು 8.0. ದಪ್ಪಗಿನ ಇನ್ನೊಂದಕ್ಕೆ 6, 7, 6, 9, 8 ಬಂದಿದ್ದರೆ ಅದೇ ತೂಕದಲ್ಲಿ 6.8 ಮಾತ್ರ. ಮಳೆಗಾಲದಲ್ಲಿ ಅರ್ಧ ದಿನ ಕರೆಂಟ್ ಇಲ್ಲದ, ಸರ್ವಿಸ್ ಸೆಂಟರ್ ಶಿವಮೊಗ್ಗದಲ್ಲೇ ಇರುವ ಮನೆಗೆ ತೂಕ ಬದಲಿಸಿ: 15, 20, 5, 35, 25. ಈಗ ಮೊದಲನೆಯದು 6.1ಕ್ಕೆ ಇಳಿಯುತ್ತದೆ, ಎರಡನೆಯದು 7.75ಕ್ಕೆ ಏರುತ್ತದೆ. ಬಿಡಿ ಅಂಕ ಒಂದೂ ಬದಲಾಗಿಲ್ಲ. ತನ್ನ ತೂಕ ಎಷ್ಟೆಂದು ಬರೆಯದ ಸೈಟನ್ನು ಬಿಟ್ಟುಬಿಡಿ. ಆರ್‌ಟಿಂಗ್ಸ್ ಎಂಬ ವಿಮರ್ಶೆ ಸೈಟಿನ ಥರ ವಸ್ತುವನ್ನು ತಾವೇ ಕೊಂಡು, ಬಳಕೆಗೆ ತಕ್ಕ ಹಾಗೆ ಬೇರೆ ಬೇರೆ ಅಂಕ ಕೊಡುವವರು ಹೆಚ್ಚು ಉಪಯೋಗ.

ಬ್ಯಾಟರಿ ಅಂಕವನ್ನು ಇನ್ನೂ ಒಂದು ಸಲ ಸೋಸಬೇಕು. ಪರೀಕ್ಷೆ ನಡೆಯುವುದು ಸಾಮಾನ್ಯವಾಗಿ ಒಳ್ಳೆಯ ವೈಫೈ ಇರುವ ಕೋಣೆಯಲ್ಲಿ, ಸ್ಕ್ರೀನಿನ ಬೆಳಕನ್ನು ಒಂದೇ ಮಟ್ಟಕ್ಕೆ ಇಟ್ಟು ವಿಡಿಯೊ ಓಡಿಸಿ. ಗುಡ್ಡದ ಮರೆಯಲ್ಲಿ ಒಂದೇ ಕಡ್ಡಿ ಸಿಗ್ನಲ್ ಇರುವಾಗ ಫೋನು ಟವರನ್ನು ಮುಟ್ಟಲು ಹೆಚ್ಚು ಶಕ್ತಿ ಸುರಿಯುತ್ತದೆ, ಸಿಗ್ನಲ್ ಹುಡುಕುತ್ತಲೇ ಇರುತ್ತದೆ. ವೈಫೈ ಪರೀಕ್ಷೆಯಲ್ಲಿ ಇದರ ಸುಳಿವೂ ಸಿಗದು. ಮೊಬೈಲ್ ಡೇಟಾದಲ್ಲಿ ಅಳೆದ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ.

ತೇವದ ವಿಷಯಕ್ಕಂತೂ ಅಂಕವೇ ಇಲ್ಲ. ಐಪಿ68 ಎಂದರೆ ಹೊಸ ಫೋನನ್ನು ಶುದ್ಧ ನೀರಿನಲ್ಲಿ ಮುಳುಗಿಸಿ ನೋಡಿದ ಫಲಿತಾಂಶ; ಅಂಚಿನ ಅಂಟು ಹಳೆಯದಾದಂತೆ ಅದರ ಭರವಸೆ ಕಡಿಮೆಯಾಗುತ್ತದೆ. ಆಗುಂಬೆಯಂಥ ಕಡೆ, ಆರಿದ್ರಾ ಮಳೆ ಹಿಡಿದರೆ ಗೋಡೆಯೇ ಬೆವರುವಲ್ಲಿ, ಮೊದಲು ಕೆಡುವುದು ಚಾರ್ಜಿಂಗ್ ಕಿಂಡಿ. ಒದ್ದೆ ಪಿನ್ನಿಗೆ ವಿದ್ಯುತ್ ಹರಿದರೆ ಲೋಹ ತಿಂದು ಹಸಿರು ಕಿಲುಬು ಕಟ್ಟುತ್ತದೆ, ಆಮೇಲೆ ವೈರನ್ನು ಒಂದೇ ಕೋನದಲ್ಲಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ತೇವದ ಎಚ್ಚರಿಕೆ ಬಂದರೆ ಕಿಂಡಿ ಕೆಳಮುಖವಾಗಿ ಹಿಡಿದು ಮೆಲ್ಲಗೆ ಕೊಡವಿ, ಫ್ಯಾನಿನ ಗಾಳಿಗೆ ಇಡಿ. ಹತ್ತಿ ತುರುಕಬೇಡಿ, ಅಕ್ಕಿ ಡಬ್ಬಿಗೆ ಹಾಕಬೇಡಿ, ಒಲೆಯ ಮೇಲಿನ ಅಟ್ಟದಲ್ಲಂತೂ ಒಣಗಿಸಲೇಬೇಡಿ. ಆ ಶಾಖಕ್ಕೆ ಅಂಟೂ ಬ್ಯಾಟರಿಯೂ ಹಾಳು. ತಣ್ಣಗಿನ ಕೋಣೆಯಲ್ಲಿದ್ದ ಲ್ಯಾಪ್‌ಟಾಪನ್ನು ಬೆಚ್ಚಗಿನ ಅಡುಗೆಮನೆಗೆ ತಂದರೆ ಒಳಗೂ ಹನಿ ಕೂರುತ್ತದೆ. ಚೀಲದ ಜಿಪ್ ತೆಗೆಯದೆ ಒಂದು ಗಂಟೆ ಬಿಟ್ಟು ಆನ್ ಮಾಡಿ.

ಡೆಸ್ಕ್‌ಟಾಪಿನಲ್ಲಿ ಗೇಮ್ ಆಡುವವರಿಗೆ ಗ್ರಾಫಿಕ್ಸ್ ಕಾರ್ಡಿನ ಅಂಕಕ್ಕಿಂತ ಮನೆಯ ಇನ್ವರ್ಟರ್ ಮುಖ್ಯ. ಕರೆಂಟ್ ಕಡಿದಾಗ ಕಂಪ್ಯೂಟರಿನ ಪವರ್ ಸಪ್ಲೈ ತಡೆದುಕೊಳ್ಳುವುದು ಸುಮಾರು 16 ಮಿಲಿಸೆಕೆಂಡು. ಇನ್ವರ್ಟರ್ ಹಿಂಬದಿಯ ಸ್ವಿಚ್ಚು ಇಕೋ ಕಡೆ ಇದ್ದರೆ ಬದಲಾವಣೆ ಅದಕ್ಕಿಂತ ತಡವಾಗಿ ಯಂತ್ರ ರೀಸ್ಟಾರ್ಟ್ ಆಗುತ್ತದೆ. ಸೇವ್ ಆಗುತ್ತಿದ್ದ ಗಳಿಗೆಯಾದರೆ ಆ ಫೈಲೇ ಕೆಡಬಹುದು. ಯುಪಿಎಸ್ ಕಡೆ ಹಾಕಿ. ಆದರೆ ಆ ಸ್ಥಿತಿಯಲ್ಲಿ ಲೈನ್ ವೋಲ್ಟೇಜ್ ಸುಮಾರು 180ಕ್ಕಿಂತ ಕೆಳಗಿಳಿದರೆ ಹೆಚ್ಚಿನ ಇನ್ವರ್ಟರುಗಳು ಬ್ಯಾಟರಿಗೆ ಹೋಗುತ್ತವೆ. ಸಂಜೆ ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ 170 ಬರುವ ಊರಿನಲ್ಲಿ ಕರೆಂಟ್ ಇದ್ದೂ ಬ್ಯಾಟರಿ ಖಾಲಿ. ಅಲ್ಲಿ ಕಂಪ್ಯೂಟರಿಗೆ ಮಾತ್ರ ಸಣ್ಣ ಯುಪಿಎಸ್ ಬೇರೆ ಇಡುವುದೇ ಸರಿ, ಸ್ಟೆಬಿಲೈಸರ್ ಒಳಗೇ ಇರುವಂಥದ್ದು. ಸಿಡಿಲು ಶುರುವಾದರೆ ಪ್ಲಗ್ ಕೀಳುವುದೊಂದೇ ದಾರಿ.

ಇನ್ನು ಗೇಮಿನ ಅಂಕ. ಬೇರೆ ಬೇರೆ ವಿಮರ್ಶೆಗಳನ್ನು ಒಟ್ಟುಗೂಡಿಸುವ ಸೈಟು ಮೆಟಾಕ್ರಿಟಿಕ್‌ನ ನೂರರ ಅಂಕ ವಿಮರ್ಶಕರ ಸರಾಸರಿ ನಿಜ, ಆದರೆ ಯಾವ ಪತ್ರಿಕೆಗೆ ಎಷ್ಟು ತೂಕ ಎಂದು ಅವರು ಹೇಳುವುದಿಲ್ಲ. ಅದಕ್ಕಿಂತ ಮೊದಲು ನೋಡಬೇಕಾದ್ದು ಅಂಕ ಯಾವ ಯಂತ್ರದ್ದು ಎಂದು. ಸೈಬರ್‌ಪಂಕ್ 2077 ಎಂಬ ಗೇಮ್ ಇದಕ್ಕೆ ಪಾಠ. 2020ರ ಡಿಸೆಂಬರ್ 10ರ ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಸಿಕ್ಕಿದ್ದು ಪಿಸಿ ಆವೃತ್ತಿ ಮಾತ್ರ. ಅಂಕ ಎಂಬತ್ತರ ಮೇಲೆ. ಸೋನಿಯ ಹಳೆಯ ಕನ್ಸೋಲ್ ಪಿಎಸ್4ರಲ್ಲಿ ಆಡಿದ ಮೇಲೆ ಅದೇ ಗೇಮಿಗೆ ಅರವತ್ತಕ್ಕಿಂತ ಕಡಿಮೆ. ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ತೆಗೆಯಿತು, ಮರಳಿ ಬಂದದ್ದು 2021ರ ಜೂನ್‌ನಲ್ಲಿ. ಹಳೆಯ ಕನ್ಸೋಲ್ ಇಟ್ಟುಕೊಂಡವರು ಬಿಡುಗಡೆಯ ದಿನದ ಅಂಕ ಹಿಡಿದು ಕೊಳ್ಳುವುದು ತಪ್ಪು.

ಬಳಕೆದಾರರ ಅಂಕದಲ್ಲಿ ಸಿಟ್ಟಿಗೂ ಪಾಲಿದೆ. 2020ರಲ್ಲಿ ಇನ್ನೊಂದು ಗೇಮಿಗೆ, ಆಡಿ ಮುಗಿಸುವಷ್ಟು ಸಮಯ ಆಗುವ ಮೊದಲೇ ಸೊನ್ನೆಗಳು ಸುರಿದ ಮೇಲೆ, ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರ ವಿಮರ್ಶೆ ತೆಗೆದುಕೊಳ್ಳುವುದನ್ನು ಮೆಟಾಕ್ರಿಟಿಕ್ ನಿಲ್ಲಿಸಿತು. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಈ ವಿಷಯದಲ್ಲಿ ಮೇಲು. ಅಲ್ಲಿರುವುದು ಶಿಫಾರಸು ಮಾಡಿದವರ ಶೇಕಡಾವಾರು, ಗೇಮಿನ ಗುಣಮಟ್ಟದ ಅಂಕವಲ್ಲ. ಆದರೆ ಬರೆದವರು ಎಷ್ಟು ಗಂಟೆ ಆಡಿದ್ದಾರೆಂದು ಪಕ್ಕದಲ್ಲೇ ಇರುತ್ತದೆ, ಕಳೆದ 30 ದಿನಗಳ ಅಭಿಪ್ರಾಯ ಬೇರೆಯೇ ಕಾಣುತ್ತದೆ. ಒಟ್ಟು ಶೇಕಡಾವಾರಿಗೂ ಈ 30 ದಿನಗಳದ್ದಕ್ಕೂ ತೀರಾ ದೂರ ಇದ್ದರೆ ಇತ್ತೀಚಿನ ಯಾವುದೋ ಅಪ್‌ಡೇಟ್ ಕಾರಣವಿರಬಹುದು, ಓದದೆ ಕೊಳ್ಳಬೇಡಿ.

ಆನ್‌ಲೈನ್ ಅಂಗಡಿಯ ನಕ್ಷತ್ರಗಳಿಗೆ ಸದ್ಯ ಇಷ್ಟು ಸಾಕು: ಮೂರು ನಕ್ಷತ್ರದವನ್ನೂ ಜುಲೈ-ಆಗಸ್ಟ್‌ನಲ್ಲಿ ಬರೆದವನ್ನೂ ಮೊದಲು ಓದಿ, ಬೇರೆ ಮಾದರಿಯ ಅಭಿಪ್ರಾಯ ಅದೇ ಪುಟಕ್ಕೆ ಸೇರಿದೆಯೇ ನೋಡಿ. ಆನ್‌ಲೈನ್ ವಿಮರ್ಶೆಗಳಿಗೆಂದೇ ಭಾರತೀಯ ಮಾನಕ ಬ್ಯೂರೊದ ಐಎಸ್ 19000 ಎಂಬ ಮಾನಕ 2022ರಲ್ಲಿ ಬಂದಿದೆ. ಆದರೂ ಕಣ್ಣು ನಮ್ಮದೇ ಇರಲಿ.

ಅಂಕದಲ್ಲಿ ಇಲ್ಲದ ಕೊನೆಯ ಲೆಕ್ಕ ಡೌನ್‌ಲೋಡ್. 100 ಜಿಬಿ ಗೇಮ್ 40 ಎಂಬಿಪಿಎಸ್ ಫೈಬರಿನಲ್ಲಿ ಐದೂವರೆ ಗಂಟೆ, 5 ಎಂಬಿಪಿಎಸ್‌ನಲ್ಲಿ ಸುಮಾರು 44 ಗಂಟೆ, ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ 50 ದಿನ. ಸ್ಟೀಮ್‌ನಲ್ಲಿ ಹಣ ವಾಪಸ್ ಕೇಳಲು ಎರಡು ಷರತ್ತು: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ. ಸ್ಟೀಮ್ ತಾನೇ ಡೌನ್‌ಲೋಡ್ ಮಾಡುವ ಸಮಯ ಇದಕ್ಕೆ ಸೇರುವುದಿಲ್ಲ. ಆದರೆ ಗೇಮ್ ತೆರೆದ ಮೇಲೆ ಅದರದೇ ಲಾಂಚರ್ (ಗೇಮ್ ಶುರುಮಾಡುವ ಪ್ರತ್ಯೇಕ ತಂತ್ರಾಂಶ) ಫೈಲು ಇಳಿಸಲು ಶುರುಮಾಡಿದರೆ ಅದು ಆಡಿದ ಸಮಯವೆಂದೇ ಲೆಕ್ಕ. ನಿಧಾನದ ಲೈನಿನಲ್ಲಿ ಆ 2 ಗಂಟೆ ಅಲ್ಲೇ ಮುಗಿದುಹೋಗುತ್ತದೆ. ಅಂಥ ಗೇಮನ್ನು ಶಿವಮೊಗ್ಗದಲ್ಲಿ ಒಳ್ಳೆಯ ಫೈಬರ್ ಇರುವ ನೆಂಟರ ಮನೆಯಲ್ಲಿ ಪೂರ್ತಿ ಇಳಿಸಿಕೊಂಡು, ಆಮೇಲೆ ಊರಿಗೆ ತನ್ನಿ.